ಮೇಲುಸಿರು ಬಂದಾಗ

ಮೈಸೂರಿನಿಂದ ಕೃಷ್ಣರಾಜಸಾಗರದ ಕಡೆಗೆ ಹೊರಟವರಿಗೆ ದಾರಿಯಲ್ಲಿ, ಹಳೆಯ ಮರಗಳ ನಡುವೆ ವಿಶಾಲವಾಗಿ ಹರಡಿಕೊಂಡಿರುವ ಒಂದು ಆಸ್ಪತ್ರೆಯ ಆವರಣ ಎದುರಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರವರ ಸಹೋದರಿ ಕೃಷ್ಣಾಜಮ್ಮಣ್ಣಿಯವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯರೋಗವು ಅಕಾಲದಲ್ಲಿ ಕೊಂಡೊಯ್ದುದರಿಂದ ವ್ಯಥಿತರಾದ ಮಹಾರಾಜರು, ಅವರ ನೆನಪಿಗೆಂದು 1921ರಲ್ಲಿ ತೆರೆದ ಕ್ಷಯರೋಗ ಚಿಕಿತ್ಸಾಲಯ ಅದು; ಜನರ ಬಾಯಲ್ಲಿ ಪಿ.ಕೆ.ಟಿ.ಬಿ. ಆಸ್ಪತ್ರೆ. ಕ್ಷಯದ ಕ್ರಿಮಿಯನ್ನು ಕೊಲ್ಲಬಲ್ಲ ಔಷಧವು ಆಗ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಆದುದರಿಂದ ಶುದ್ಧವಾಯು, ಬಿಸಿಲು, ಪುಷ್ಟಿಕರವಾದ ಆಹಾರ, ವಿಶ್ರಾಂತಿ ಇವಿಷ್ಟನ್ನೇ ನೆಚ್ಚಿ, ಊರಿನ ಇಕ್ಕಟ್ಟಿನಿಂದ ದೂರವಾದ ಬಯಲಿನಲ್ಲಿ ರೋಗಿಗಳನ್ನು ಇರಿಸಿಕೊಳ್ಳುವುದು ಅಂದಿನ ವೈದ್ಯಕ್ಕೆ ಸಾಧ್ಯವಾಗಿದ್ದ ಪರಮಾವಧಿಯ ಉಪಚಾರವಾಗಿತ್ತು. ಈಗ ಅದೇ ರಸ್ತೆಯಲ್ಲಿ, ಅದರ ನೆರೆಯಲ್ಲಿಯೇ, ಜಯದೇವ ಹೃದ್ರೋಗ ಸಂಸ್ಥೆಯ ಮೈಸೂರಿನ ಆಸ್ಪತ್ರೆಯೂ ನಿಂತಿದೆ. ಒಂದು ಶ್ವಾಸಕೋಶಕ್ಕೆ, ಇನ್ನೊಂದು ಹೃದಯಕ್ಕೆ. ಆದರೆ ಈ ಎರಡು ಬಾಗಿಲುಗಳಿಗೂ ರೋಗಿಯು ಹೊತ್ತು ತರುವ ದೂರು ಎಷ್ಟೋ ವೇಳೆ ಒಂದೇ ಆಗಿರುತ್ತದೆ: “ಡಾಕ್ಟ್ರೇ, ನಾಲ್ಕು ಹೆಜ್ಜೆ ಇಟ್ರೆ ದಮ್ಮು ಬರುತ್ತೆ.”

ಆ ಒಂದು ದೂರಿನ ಹಿಂದೆ ಇರಬಹುದಾದ ಕಾರಣಗಳು ಹತ್ತಾರು. ಅವುಗಳಲ್ಲಿ ಕೆಲವು ನಾಳೆಯವರೆಗೆ ಕಾಯಬಲ್ಲವು, ಕೆಲವು ಈ ಗಂಟೆಯನ್ನೂ ಮೀರಗೊಡವು. ಯಾವುದು ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ. ನಿರ್ಣಯಕ್ಕಾಗಿ ಅವರ ಬಳಿಗೆ ಹೊತ್ತಿಗೆ ಸರಿಯಾಗಿ ಹೋಗುವುದು ಮಾತ್ರ ನಮ್ಮ ಕೆಲಸ. ನಮ್ಮ ಮನೆಗಳಲ್ಲಿ ತಪ್ಪುತ್ತಿರುವುದು ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಸಿರಾಟವೆಂಬುದು ನಮ್ಮ ಅರಿವಿಗೆ ಬಾರದೆಯೇ ನಡೆಯತಕ್ಕ ವ್ಯಾಪಾರ. ನಮ್ಮ ಯೋಗಶಾಸ್ತ್ರಕಾರರು ಮನುಷ್ಯನು ಒಂದು ಅಹೋರಾತ್ರಿಯಲ್ಲಿ 21,600 ಬಾರಿ ಉಸಿರಾಡುತ್ತಾನೆಂದು ಲೆಕ್ಕವಿಟ್ಟಿದ್ದರು. ಭಾಗಿಸಿ ನೋಡಿದರೆ ಅದು ನಿಮಿಷಕ್ಕೆ ಸರಿಯಾಗಿ 15 ಆಗುತ್ತದೆ. ಸುಮ್ಮನೆ ಕುಳಿತಿರುವ ಆರೋಗ್ಯವಂತನ ಉಸಿರು ನಿಮಿಷಕ್ಕೆ 12ರಿಂದ 20ರೊಳಗೆ ಇರಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಪ್ರತಿ ಉಸಿರಿಗೂ ಸುಮಾರು ಅರ್ಧ ಲೀಟರು ಗಾಳಿ ಒಳಹೊಕ್ಕು, ಶ್ವಾಸನಾಳದ ಕವಲುಗಳಲ್ಲಿ ಹರಿದು, ಕೋಟಿಗಟ್ಟಲೆ ಸೂಕ್ಷ್ಮವಾದ ಗಾಳಿಗೂಡುಗಳನ್ನು ಮುಟ್ಟಿ, ಅಲ್ಲಿ ರಕ್ತಕ್ಕೆ ಆಮ್ಲಜನಕವನ್ನು ಕೊಟ್ಟು, ರಕ್ತ ತಂದ ಇಂಗಾಲದ ಡೈಆಕ್ಸೈಡನ್ನು ಕೊಂಡು ಹೊರಬರುತ್ತದೆ. ಎದೆಗೂ ಹೊಟ್ಟೆಗೂ ನಡುವಣ ವಪೆಯು ತಿದಿಯೊತ್ತಿದಂತೆ ಇಳಿದು ಏರುತ್ತಾ ಈ ಕೆಲಸವನ್ನು ನಡೆಸುತ್ತದೆ. ನಾಳಗಳು ಬಿಗಿದುಕೊಂಡರೂ, ಗಾಳಿಗೂಡುಗಳಲ್ಲಿ ನೀರೋ ಕೀವೋ ತುಂಬಿದರೂ, ರಕ್ತವನ್ನು ಮುಂದೂಡತಕ್ಕ ಹೃದಯ ಸೋತರೂ, ಆಮ್ಲಜನಕವನ್ನು ಹೊರತಕ್ಕ ರಕ್ತವೇ ತೆಳುವಾದರೂ, ಮಿದುಳಿನ ಬುಡದಲ್ಲಿರುವ ಶ್ವಾಸಕೇಂದ್ರವು ಎಚ್ಚತ್ತು ಉಸಿರನ್ನು ಜೋರುಮಾಡುತ್ತದೆ; ಆಗ ಇದುವರೆಗೆ ಗಮನಕ್ಕೆ ಬಾರದಿದ್ದ ಕ್ರಿಯೆಯು ಶ್ರಮವೆಂದು ನಮಗೆ ತೋರತೊಡಗುತ್ತದೆ. ಏದುಸಿರೆಂದರೆ ಇದೇ. ಅದು ತಾನೇ ಒಂದು ರೋಗವಲ್ಲ, ರೋಗದ ಸೂಚನೆ.

ಹಾಗೆಂದು ಎಲ್ಲ ಏದುಸಿರೂ ಭಯಕ್ಕೆ ಕಾರಣವಲ್ಲ. ದೊಡ್ಡದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಏರುವವರಲ್ಲಿ, ನಂದಿಯ ಬಳಿಗೆ ಬರುವ ಹೊತ್ತಿಗೆ ಮೇಲುಸಿರು ಬಿಡದವರು ವಿರಳ. ಅಲ್ಲಿ ಐದು ನಿಮಿಷ ಕುಳಿತರೆ ಎದೆ ಸಮಸ್ಥಿತಿಗೆ ಬರುತ್ತದೆ, ಮಾತು ಸಲೀಸಾಗುತ್ತದೆ, ಮುಂದಿನ ಮೆಟ್ಟಿಲಿಗೆ ಕಾಲು ತಾನೇ ಹೋಗುತ್ತದೆ. ಅದು ದೇಹದ ಧರ್ಮ. ನಾವು ಗಮನಿಸಬೇಕಾದದ್ದು ಬೇರೆಯೇ. ಕಳೆದ ಆಷಾಢದಲ್ಲಿ ನಿಲ್ಲದೆ ನಂದಿಯವರೆಗೆ ಹೋದವರು ಈ ಆಷಾಢದಲ್ಲಿ ನೂರು ಮೆಟ್ಟಿಲಿಗೆ ಕುಳಿತರೆ, ದೇವರಾಜ ಮಾರುಕಟ್ಟೆಯಿಂದ ತರಕಾರಿಯ ಚೀಲವನ್ನು ಬಸ್ ನಿಲ್ದಾಣದವರೆಗೆ ಹೊರುತ್ತಿದ್ದವರು ಈಗ ಬರಿಗೈಯಲ್ಲಿ ನಡೆದರೂ ನಿಂತು ನಿಂತು ಹೋಗಬೇಕಾದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟುವುದು ಸರಿಯಲ್ಲ. ವಯಸ್ಸು ಮೆಲ್ಲನೆ ಇಳಿಸುತ್ತದೆ; ಒಂದು ವರುಷದಲ್ಲಿ, ಒಂದು ತಿಂಗಳಲ್ಲಿ ಇಳಿಸುವುದು ರೋಗ. ನೆರೆಯವರೊಡನೆ ಹೋಲಿಸಿಕೊಂಡು ಪ್ರಯೋಜನವಿಲ್ಲ. ಹಿಂದಿನ ತಮ್ಮೊಡನೆಯೇ ಹೋಲಿಸಿಕೊಂಡು ನೋಡಬೇಕು.

ಆದರೆ ಮನುಷ್ಯನು ತನ್ನ ಅಶಕ್ತಿಗೆ ಬಹುಬೇಗ ಹೊಂದಿಕೊಳ್ಳುತ್ತಾನೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯಲು ಬರುವ ಹಿರಿಯರೊಬ್ಬರನ್ನು ನಾನು ಬಲ್ಲೆ. ನಿವೃತ್ತರಾದ ಮೇಷ್ಟ್ರು, ಸದಾ ಇಸ್ತ್ರಿಯ ಅಂಗಿ, ಕುತ್ತಿಗೆಗೆ ಮಫ್ಲರು. ಅವರು ನಡುನಡುವೆ ನಿಂತು, ಕೆರೆಯ ನಡುಗಡ್ಡೆಯ ಮರಗಳಲ್ಲಿ ಕುಳಿತ ಹೆಜ್ಜಾರ್ಲೆಗಳನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದರು. ಹಕ್ಕಿಗಳಲ್ಲಿ ಅವರಿಗೆ ಪ್ರೀತಿಯೆಂದೇ ಜೊತೆಯವರೆಲ್ಲ ತಿಳಿದಿದ್ದರು. ಕೆಲವು ತಿಂಗಳುಗಳಲ್ಲಿ ಆ ನಿಲುಗಡೆಗಳು ಹೆಚ್ಚಿದವು. ಹಕ್ಕಿಗಳಿಲ್ಲದ ಕಡೆಯಲ್ಲೂ ಅವರು ನಿಲ್ಲತೊಡಗಿದರು. ಒಂದು ಕೈ ಕಲ್ಲಿನ ಮೇಲೆ ಊರಿ, ಭುಜಗಳನ್ನು ಮೇಲೆತ್ತಿ, ತುಟಿಗಳನ್ನು ಸಿಳ್ಳು ಹಾಕುವವರಂತೆ ಮುಂದೆ ಚಾಚಿ ಉಸಿರನ್ನು ಮೆಲ್ಲನೆ ಬಿಡುತ್ತಿದ್ದರು. ಕೇಳಿದರೆ, “ಏನಿಲ್ಲ ಕಣಪ್ಪ, ವಯಸ್ಸಾಯ್ತಲ್ಲ” ಎಂದರು. ಮಗಳು ಹಟಹಿಡಿದು ಕರೆದೊಯ್ದು ಊದಿಸುವ ಪರೀಕ್ಷೆ ಮಾಡಿಸಿದಾಗ, ನಲವತ್ತು ವರ್ಷದ ಸಿಗರೇಟು ಶ್ವಾಸನಾಳಗಳನ್ನು ಕಿರಿದುಗೊಳಿಸಿದ್ದುದು ಗೊತ್ತಾಯಿತು. ಮುಂದೊರಗಿ ಕೈಯೂರುವುದೂ ತುಟಿ ಕಿರಿದುಮಾಡಿ ಉಸಿರು ಬಿಡುವುದೂ ಸಿ.ಒ.ಪಿ.ಡಿ. ಎಂದು ವೈದ್ಯರು ಕರೆಯುವ ಆ ಕಾಯಿಲೆಯವರು ಯಾರೂ ಕಲಿಸದೆ ಕಲಿತುಕೊಳ್ಳುವ ಉಪಾಯಗಳು. ಮನೆಯವರು ಇಂಥ ಉಪಾಯಗಳನ್ನು ಗುರುತಿಸಬೇಕು. ರೋಗಿಯು ದೂರು ಹೇಳುವವರೆಗೆ ಕಾದರೆ ತಡವಾಗಿರುತ್ತದೆ.

ಸಿಗರೇಟು ಬೀಡಿಗಳನ್ನು ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆಂಬುದು ಇನ್ನೂ ಎಷ್ಟೋ ಜನಕ್ಕೆ ತಿಳಿಯದು. ಸೌದೆ, ಬೆರಣಿ, ತೆಂಗಿನ ಗರಿಗಳ ಹೊಗೆಯಲ್ಲಿ ಅಡಿಗೆ ಮಾಡಿ ಬಾಳಿದ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಇದಕ್ಕೆ ತುತ್ತಾದವರು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಶ್ವಾಸಕೋಶ ತಜ್ಞರು ಗ್ರಾಮಾಂತರದ ಹೆಂಗಸರನ್ನು ಪರೀಕ್ಷಿಸಿ, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಿ ಒಂದು ಸೂಚ್ಯಂಕವನ್ನು ಲೆಕ್ಕಹಾಕಿದರು. ಅದು 60ನ್ನು ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫಗಳ ಸಂಭವವು ಗಣನೀಯವಾಗಿ ಏರುತ್ತದೆಂದು 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ವರ್ಷ ಅಡಿಗೆ ಮಾಡಿದರೆ ಅರುವತ್ತಾಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣು ಮೂವತ್ತಮೂರಕ್ಕೆ ಆ ಗೆರೆಯನ್ನು ದಾಟುತ್ತಾಳೆಂಬುದನ್ನು ಎಣಿಸಿದರೆ ಎದೆ ಭಾರವಾಗುತ್ತದೆ. ಈಗ ಮಗನ ಮನೆಯಲ್ಲಿ, ನಗರದ ಗ್ಯಾಸ್ ಒಲೆಯ ಅಡಿಗೆಮನೆಯಲ್ಲಿರುವ ಅಜ್ಜಿಗೆ ಮಾಗಿಯ ಬೆಳಗಿನಲ್ಲಿ ಕೆಮ್ಮು ಕಟ್ಟಿಕೊಂಡಿತೆಂದರೆ, ಆ ಹಳೆಯ ಹೊಗೆಯ ಲೆಕ್ಕವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಅಸ್ತಮಾದ ಬಗೆ ಬೇರೆ. ಅದು ಬಂದು ಹೋಗುವ ಉಬ್ಬಸ. ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ, ಧೂಳು, ಪರಾಗ, ಊದುಬತ್ತಿಯ ಹೊಗೆ, ಚಳಿಗಾಳಿ, ನೆಗಡಿ ಇವುಗಳಲ್ಲೊಂದು ಕೆಣಕಿದಾಗ ನಾಳಗಳು ಬಿಗಿದು, ಉಸಿರು ಬಿಡುವಾಗ ಎದೆಯಲ್ಲಿ ಕುಂಯ್ ಎಂಬ ಸದ್ದೇಳುತ್ತದೆ. ಮಲಗಿದರೆ ಹೆಚ್ಚುವ, ಎದ್ದು ಕುಳಿತರೆ ತುಸು ಸಮಾಧಾನವಾಗುವ ಈ ವ್ಯಾಧಿಯನ್ನು ಚರಕನು ತಮಕಶ್ವಾಸವೆಂದು ವರ್ಣಿಸಿದ್ದಾನೆ. ಅವನಿಗೆ ಇಲ್ಲದಿದ್ದ ಉಪಾಯವೊಂದು ನಮಗಿದೆ, ಇನ್‌ಹೇಲರ್. ಆದರೆ ನಮ್ಮ ಜನ ಅದನ್ನು ಕಂಡರೆ ಅಂಜುತ್ತಾರೆ. “ಪಂಪ್ ಒಂದ್ಸಲ ಹಿಡಿದ್ರೆ ಬಿಡಕ್ಕಾಗಲ್ಲ” ಎಂಬ ಮಾತನ್ನು ಕೇಳದ ಬೀದಿಯಿಲ್ಲ; ಹೆಣ್ಣು ನೋಡಲು ಬರುವ ದಿನ ಅದನ್ನು ಬೀರುವಿನೊಳಗೆ ಬಚ್ಚಿಡುವವರೂ ಉಂಟು. ಸತ್ಯ ಇದಕ್ಕೆ ವಿರುದ್ಧವಾಗಿದೆ. ಸಾಲ್ಬುಟಮಾಲ್ ಎಂಬ ಔಷಧವು ಪಂಪಿನ ಒಂದು ಎಳೆತದಲ್ಲಿ 100 ಮೈಕ್ರೋಗ್ರಾಂ ಮಾತ್ರ ಬರುತ್ತದೆ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ ನಲವತ್ತು ಪಟ್ಟು ಇರುತ್ತದೆ, ಮತ್ತು ಆ ನಲವತ್ತು ಪಟ್ಟು ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಬಡಿಸಿ, ಕೊನೆಗೆ ಶ್ವಾಸನಾಳಕ್ಕೆ ಬರುತ್ತದೆ. ಒಂದು ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ತಿಳಿದಿರಬೇಕು. ತತ್‌ಕ್ಷಣದ ಬಿಗಿತವನ್ನು ಸಡಿಲಿಸುವ ಪಂಪು ಬೇರೆ. ನಾಳಗಳ ಉರಿಯೂತವನ್ನು ದಿನದಿನವೂ ತಗ್ಗಿಸಿ ಬಿಗಿತವೇ ಬಾರದಂತೆ ತಡೆಯುವ ಪಂಪು ಬೇರೆ. ಎರಡನೆಯದನ್ನು, ಈಗ ಚೆನ್ನಾಗಿದ್ದೇನಲ್ಲ ಎಂದು ರೋಗಿಯೇ ನಿಲ್ಲಿಸಿದಾಗ ಬಹಳ ಅನರ್ಥಗಳು ಒದಗುತ್ತವೆ. ಮೊದಲನೆಯದನ್ನು ವಾರಕ್ಕೆ ಹಲವು ಬಾರಿ ಸೇದಬೇಕಾಗಿ ಬಂದರೆ ಕಾಯಿಲೆ ಹತೋಟಿಯಲ್ಲಿಲ್ಲವೆಂದೇ ಅರ್ಥ.

ಇನ್ನು ಹೃದಯ. ಸೋತ ಹೃದಯವು ಬಂದ ರಕ್ತವನ್ನು ಮುಂದೂಡಲಾರದೆ ಹೋದಾಗ ನೀರು ಶ್ವಾಸಕೋಶದಲ್ಲಿ ಜಿನುಗುತ್ತದೆ. ಹಾಸಿಗೆಯ ಮೇಲೆ ಚಪ್ಪಟೆಯಾಗಿ ಮಲಗಿದೊಡನೆ ಅದು ಹೆಚ್ಚುತ್ತದೆ. ಮೊದಲು ಒಂದು ದಿಂಬಿಗೆ ಮಲಗುತ್ತಿದ್ದವರು ಎರಡು ಕೇಳುತ್ತಾರೆ, ಆಮೇಲೆ ಮೂರು; ಕಡೆಗೆ ಕುರ್ಚಿಯಲ್ಲಿಯೇ ನಿದ್ರೆ. ಮಲಗಿದ ಒಂದೆರಡು ಗಂಟೆಗೆ ಉಸಿರು ಕಟ್ಟಿದಂತಾಗಿ ಎದ್ದು, ಕಿಟಕಿ ತೆರೆದು ನಿಲ್ಲುತ್ತಾರೆ. ಸಂಜೆಗೆ ಪಾದಗಳು ಊದಿ, ಕಾಲ್ಚೀಲದ ಗುರುತು ಉಳಿಯುತ್ತದೆ. ಇವು ಮೂರೂ ಕೂಡಿದರೆ ವಾರ ಕಳೆಯಲಿ ಎನ್ನದೆ ಹೃದಯದ ವೈದ್ಯರನ್ನು ಕಾಣಬೇಕು. ಮಧುಮೇಹಿಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಹೃದಯಾಘಾತವೆಂದರೆ ಎದೆಯನ್ನು ಹಿಂಡುವ ನೋವೆಂದು ಎಲ್ಲರೂ ನಂಬಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ, ವೃದ್ಧರಿಗೆ, ಹೆಂಗಸರಿಗೆ ಅದು ನೋವಿಲ್ಲದೆ, ಬರಿಯ ಏದುಸಿರು, ತಣ್ಣನೆಯ ಬೆವರು, ತಡೆಯಲಾರದ ಆಯಾಸ ಇವುಗಳಾಗಿ ಬರಬಹುದು. ಆ ಹೊತ್ತಿನಲ್ಲಿ ಮನೆಯವರು “ಗ್ಯಾಸ್ ಆಗಿರ್ಬೇಕು” ಎಂದು ಜೀರಿಗೆ ಕಷಾಯವನ್ನೂ ಸೋಡಾವನ್ನೂ ಕುಡಿಸುತ್ತಾ ಕಳೆವ ಗಂಟೆಗಳೇ ಹೃದಯದ ಮಾಂಸಖಂಡವು ಸಾಯುವ ಗಂಟೆಗಳು. ಗ್ಯಾಸೋ ಅಲ್ಲವೋ ಎಂಬುದನ್ನು ಇಸಿಜಿ ಹೇಳಲಿ, ನೆಂಟರು ಹೇಳುವುದು ಬೇಡ.

ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳ ಏದುಸಿರು, ಸ್ಥೂಲಕಾಯದವರದು, ಮೂತ್ರಪಿಂಡ ಕೆಟ್ಟವರದು, ಹೀಗೆ ಬೇರೆ ಬಗೆಗಳೂ ಇವೆ. ಆದರೆ ಒಂದನ್ನು ಮಾತ್ರ ಬಿಡುವಂತಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ, ಹೆರಿಗೆಯಾದ ಮೇಲೆ, ಮೂಳೆ ಮುರಿದು ಬಹುದಿನ ಹಾಸಿಗೆ ಹಿಡಿದ ಮೇಲೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿ, ಅನಂತರ ಹಠಾತ್ತನೆ ಉಸಿರು ಸಿಗದಂತಾದರೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಸಿಲುಕಿರುವ ಸಂಭವವುಂಟು. ಬಾಣಂತಿಗೆ ಶೀತವಾಯಿತೆಂದು ಕಿವಿಗೆ ಹತ್ತಿಯಿಟ್ಟು ಕೋಣೆಯಲ್ಲಿ ಮಲಗಿಸುವ ಕಾಲ ಅದಲ್ಲ.

ಮನಸ್ಸಿನ ತಳಮಳದಿಂದಲೂ ಉಸಿರು ಮೇಲಾಗುತ್ತದೆ. ಬೆರಳು ಜುಮ್ಮೆನ್ನುತ್ತವೆ, ಸಾಯುವೆನೆಂಬ ಭಯ ಬರುತ್ತದೆ. ಇದು ನಟನೆಯಲ್ಲ, ನಿಜವಾದ ಸಂಕಟ. ಆದರೆ “ಟೆನ್ಷನ್ ಅಷ್ಟೆ” ಎಂಬ ತೀರ್ಮಾನವನ್ನು ಮೊದಲ ಬಾರಿಗೆ ವೈದ್ಯರೇ, ಪರೀಕ್ಷಿಸಿ, ಹೇಳಬೇಕು. ಹಾಗೆಯೇ ಪ್ರಾಣಾಯಾಮ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸತೊಡಗಿದಂದಿನಿಂದ ಈ ಊರಿಗೂ ಯೋಗಕ್ಕೂ ಬಿಡದ ನಂಟು. ಆರೋಗ್ಯದ ದಿನಗಳಲ್ಲಿ ಅಭ್ಯಾಸ ಮಾಡಿದವರಿಗೆ ಅದರಿಂದ ಹಿತವುಂಟೆಂಬುದನ್ನು ನಾನು ಒಪ್ಪುತ್ತೇನೆ. ಉಸಿರು ಸಿಗದೆ ಒದ್ದಾಡುವವರನ್ನು ಕುಳ್ಳಿರಿಸಿ ಕುಂಭಕ ಹೇಳಿಕೊಡುವುದನ್ನು ಮಾತ್ರ ಒಪ್ಪಲಾರೆ.

ಹಾಗಾದರೆ ತಡಮಾಡದೆ ಹೊರಡಬೇಕಾದದ್ದು ಯಾವಾಗ? ಸುಮ್ಮನೆ ಕುಳಿತಿದ್ದಾಗಲೂ ಏದುಸಿರು ನಿಲ್ಲದಿದ್ದರೆ, ಒಂದು ವಾಕ್ಯವನ್ನು ಪೂರೈಸಲಾರದೆ ಪದಕ್ಕೊಂದು ಉಸಿರು ತೆಗೆದುಕೊಂಡರೆ, ತುಟಿಯೋ ಉಗುರೋ ನೀಲಿಗೂ ಬೂದಿಬಣ್ಣಕ್ಕೂ ತಿರುಗಿದರೆ, ಎದೆನೋವು ಜೊತೆಗೂಡಿದರೆ, ಮಾತು ತೊದಲಿ ಮಂಪರು ಕವಿದರೆ, ಕೆಮ್ಮಿನಲ್ಲಿ ರಕ್ತವೋ ನಸುಗೆಂಪು ನೊರೆಯೋ ಬಂದರೆ, ಜೇನುಹುಳು ಕಚ್ಚಿಯೋ ಯಾವುದೋ ಮಾತ್ರೆ, ತಿನಿಸು ಒಗ್ಗದೆಯೋ ಮುಖ ನಾಲಿಗೆಗಳು ಊದಿಕೊಂಡು ಗಂಟಲು ಕಟ್ಟಿದರೆ, ಆಗ ಯೋಚನೆಗೆ ಅವಕಾಶವಿಲ್ಲ. ಜೋರಾಗಿ ಕುಂಯ್‌ಗುಡುತ್ತಿದ್ದ ಅಸ್ತಮಾದ ಎದೆಯು, ರೋಗಿ ಬಳಲಿ ಸುಸ್ತಾಗುತ್ತಿರುವಾಗಲೇ ನಿಶ್ಶಬ್ದವಾದರೆ ಅದು ಗುಣವಲ್ಲ. ಗಾಳಿಯೇ ಆಡುತ್ತಿಲ್ಲವೆಂಬುದರ ಚಿಹ್ನೆ. 108ಕ್ಕೆ ಕರೆಮಾಡಬೇಕು. ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ ನಡೆದುಬಂದಿರುವ ಆ ಆಂಬುಲೆನ್ಸುಗಳಲ್ಲಿ ಆಮ್ಲಜನಕವಿರುತ್ತದೆ. ರೋಗಿಯನ್ನು ಸ್ಕೂಟರಿನ ಮೇಲೆ ಇಬ್ಬರ ನಡುವೆ ಒತ್ತಿ ಕೂರಿಸಿ, ಮುಂದಿನವನ ಬೆನ್ನಿಗೆ ಅವನೆದೆಯನ್ನು ಅದುಮಿ, ಸಯ್ಯಾಜಿರಾವ್ ರಸ್ತೆಯ ದಟ್ಟಣೆಯಲ್ಲಿ ಕೊಂಡೊಯ್ಯುವುದು ಆ ಎದೆಗೆ ಉಳಿದಿದ್ದ ಅಷ್ಟಿಷ್ಟು ಅವಕಾಶವನ್ನೂ ಕಸಿದಂತೆ.

ಗಾಡಿ ಬರುವವರೆಗೆ ರೋಗಿಯನ್ನು ಮಲಗಿಸಕೂಡದು. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಮುಂದೆ ಮೇಜು, ದಿಂಬು ಇಟ್ಟು ಅದರ ಮೇಲೆ ತೋಳೂರಿ ಒರಗಗೊಡಬೇಕು. ಬಿಗಿಯಾದ ಬಟ್ಟೆ ಸಡಿಲಿಸಿ, ಕಿಟಕಿ ತೆರೆದು, ಸುತ್ತ ನೆರೆದವರನ್ನು ಹೊರಗೆ ಕಳಿಸಬೇಕು. ಬಾಯಿಗೆ ನೀರು, ಕಾಫಿ, ಗಂಜಿ ಹಾಕಲು ಹೋಗಬಾರದು. ಅಸ್ತಮಾದವರಾದರೆ ಬಿಗಿತ ಸಡಿಲಿಸುವ ಪಂಪನ್ನು, ಸ್ಪೇಸರ್ ಇದ್ದರೆ ಅದರ ಮೂಲಕ, ಅರ್ಧ ನಿಮಿಷಕ್ಕೊಂದರಂತೆ ಹತ್ತು ಎಳೆತದವರೆಗೆ ಕೊಡಬಹುದು.

2020ರ ಮತ್ತು 2021ರ ಮಹಾಮಾರಿಯು ಮನೆಮನೆಗೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ತಂದಿಟ್ಟಿತು. 95 ಮತ್ತು ಅದಕ್ಕೆ ಮೇಲ್ಪಟ್ಟ ಅಂಕಿ ಸಾಧಾರಣ. ಅದಕ್ಕಿಂತ ಇಳಿದರೆ ಅಂದೇ ವೈದ್ಯರಿಗೆ ತಿಳಿಸತಕ್ಕದ್ದು. 92 ಅಥವಾ ಅದಕ್ಕೂ ಕೆಳಗಾದರೆ ಆಸ್ಪತ್ರೆ. ಹಳೆಯ ಸಿ.ಒ.ಪಿ.ಡಿ.ಯವರಿಗೆ ಎಷ್ಟಿದ್ದರೆ ಸಾಕೆಂಬುದನ್ನು ಅವರ ವೈದ್ಯರು ಬೇರೆಯಾಗಿ ಗೊತ್ತುಮಾಡಿರುತ್ತಾರೆ. ಉಗುರುಬಣ್ಣ, ಮೆಹಂದಿ, ತಣ್ಣಗಾದ ಬೆರಳು ಇವು ಲೆಕ್ಕವನ್ನು ಕೆಡಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅಂಕಿ 98 ತೋರಿದರೂ ಮನುಷ್ಯನು ಒದ್ದಾಡುತ್ತಿದ್ದರೆ ಮನುಷ್ಯನನ್ನು ನಂಬಬೇಕು, ಯಂತ್ರವನ್ನಲ್ಲ.

ಎಳೆಯ ಮಕ್ಕಳು ಹೇಳಲಾರವು. ಅವುಗಳ ಅಂಗಿ ಎತ್ತಿ ನೋಡಬೇಕು. ಮಗು ಅಳದೆ ಶಾಂತವಾಗಿರುವಾಗ ಒಂದು ಪೂರ್ತಿ ನಿಮಿಷ ಅದರ ಹೊಟ್ಟೆಯ ಏರಿಳಿತವನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿನಿಂದ ವರ್ಷ ತುಂಬುವವರೆಗೆ 50, ವರ್ಷದಿಂದ ಐದು ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಪಡಿಸಿದೆ; ಕೆಮ್ಮಿರುವ ಮಗುವಿನಲ್ಲಿ ಇದು ನ್ಯುಮೋನಿಯದ ಸೂಚನೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಮೊಲೆ ಹಿಡಿಯದಿದ್ದರೆ, ನರಳಿದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯೇ ಆಗಲಿ ಹೊರಡಬೇಕು. ಎದೆಗೆ ಬೆಚ್ಚನೆಯ ಎಣ್ಣೆ ಸವರಿ ಬೆಳಕು ಹರಿಯಲೆಂದು ಕಾಯಬಾರದು; ಕಾದು ಕಂಡ ದುಃಖವನ್ನು ತಾಯಂದಿರು ಬಾಳಿನುದ್ದಕ್ಕೂ ಹೊರುತ್ತಾರೆ.

ಕ್ಷಯವು ಈಗಲೂ ನಮ್ಮ ನಡುವೆ ಇದ್ದೇ ಇದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ಇಳಿಯುವ ತೂಕ ಇವುಗಳಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫಪರೀಕ್ಷೆಯೂ ಔಷಧಿಯೂ ಉಚಿತವಾಗಿ ದೊರೆಯುತ್ತವೆ. ಕೃಷ್ಣಾಜಮ್ಮಣ್ಣಿಯವರಿಗೆ ಅರಮನೆಯ ಐಶ್ವರ್ಯದಿಂದಲೂ ದೊರಕದಿದ್ದ ಔಷಧಿ ಇಂದು ಕೂಲಿಯವನಿಗೆ ಹಣವಿಲ್ಲದೆ ಸಿಗುತ್ತದೆ. ತಿಂಗಳುಗಟ್ಟಲೆ ಬಿಡದೆ ನುಂಗಬೇಕಷ್ಟೆ.

ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಕೆಲವು ಸಂಗತಿಗಳನ್ನು ಬರೆದುಕೊಂಡರೆ ಅವರ ಅರ್ಧ ಕೆಲಸ ಮುಗಿಯುತ್ತದೆ: ಏದುಸಿರು ಹಠಾತ್ತನೆ ಬಂತೋ, ತಿಂಗಳಿಂದ ಬೆಳೆಯಿತೋ, ಹಿಂದೆ ಎಷ್ಟು ದೂರ ನಡೆಯುತ್ತಿದ್ದರು, ಈಗೆಷ್ಟು, ಎಷ್ಟು ದಿಂಬು, ಯಾವ ಹೊತ್ತಿಗೆ ಹೆಚ್ಚು, ಬೀಡಿ, ಸಿಗರೇಟು, ಒಲೆಯ ಹೊಗೆ, ಕಲ್ಲುಪುಡಿ, ಹತ್ತಿಯ ಧೂಳು ಇವುಗಳೊಡನೆ ಎಷ್ಟು ವರ್ಷ, ಮನೆಯಲ್ಲಿ ಪಾರಿವಾಳ ಸಾಕಿದ್ದಾರೆಯೇ. ನುಂಗುತ್ತಿರುವ ಮಾತ್ರೆಗಳ ಹೆಸರು ಬಾರದಿದ್ದರೆ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ನಾಟಿ ಔಷಧಿಯ ಪುಡಿಯಿದ್ದರೆ ಸಂಕೋಚವಿಲ್ಲದೆ ಅದನ್ನೂ. ಪಂಪು ಉಪಯೋಗಿಸುವವರು ಅದನ್ನು ವೈದ್ಯರ ಮುಂದೆಯೇ ಒಮ್ಮೆ ಸೇದಿ ತೋರಿಸಬೇಕು, ಏತಕ್ಕೆಂದರೆ ವರ್ಷಗಟ್ಟಲೆ ಸೇದಿದವರಲ್ಲಿಯೂ ಔಷಧಿಯನ್ನು ಎದೆಗೆ ಎಳೆಯದೆ ನಾಲಿಗೆಯ ಮೇಲೆಯೇ ಬಿಟ್ಟುಕೊಳ್ಳುವವರು ಅನೇಕರಿದ್ದಾರೆ.